ಎತ್ತನ್ನು ಗಾಡಿಗೆ ಹೇರಿಕೊಂಡು

"ಅಲ್ಲೇ ಬಾಡಿಗೆಗೆ ಸಿಗಲ್ವಾ?"

ಸೈಕಲ್ ತಗೊಂಡು ದೂರದೂರಿಗೆ ಹೊರಟಿದ್ದೇನೆ ಅಂದರೆ ನೂರಕ್ಕೆ ತೊಂಬತ್ತು ಮಂದಿ ಕೇಳುವ ಪ್ರಶ್ನೆ ಇದು. ಉಳಿದ ಹತ್ತು ಮಂದಿ "ಅಲ್ಲೀತನಕ ಸೈಕಲ್ಲಲ್ಲೇ ಹೋಗ್ತೀರಾ?" ಅಂತ ಕೇಳಿ, ಇಲ್ಲ ಅಂದ ಕೂಡಲೇ ಆಸಕ್ತಿ ಕಳೆದುಕೊಳ್ಳುತ್ತಾರೆ. ಅಮ್ಮ ಮಾತ್ರ ಎರಡನ್ನೂ ಕೇಳಲಿಲ್ಲ. ತೀರ್ಥಹಳ್ಳಿಯಿಂದ ಫೋನಿನಲ್ಲಿ, "ಎತ್ತನ್ನೇ ಗಾಡಿ ಮೇಲೆ ಹೇರ್ಕೊಂಡು ಹೊರಟ ಹಾಗಾಯ್ತಲ್ಲೇ ನಿಂದು" ಅಂದಳು. ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಹೊರಟಿದ್ದು ಮನಾಲಿಗೆ. ಅಲ್ಲಿಂದ ಲೇಹ್‌ವರೆಗೆ ತುಳಿಯುವುದು. ರೊಹ್ತಾಂಗ್ ಹತ್ತಿ ಹೋದರೆ ಸುಮಾರು 470 ಕಿಲೋಮೀಟರ್ ದಾರಿ. ನಡುವೆ ದಾಟಬೇಕಾದ ಎತ್ತರದ ಕಣಿವೆದಾರಿಗಳು ಐದು, ಕೊನೆಯದಾದ ತಂಗ್ಲಾಂಗ್ ಲಾ 5300 ಮೀಟರಿನ ಆಸುಪಾಸು. ಈ ದಾರಿಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಫೋಟೋ ಹಾಕಿದ್ದಾರೆ. ಆದರೆ ಸೈಕಲ್ಲು ಮನಾಲಿಗೆ ಹೇಗೆ ಬಂತು ಅನ್ನೋದನ್ನ ಯಾರೂ ಬರೆಯೋದಿಲ್ಲ. ಎಲ್ಲರ ಫೋಟೋದಲ್ಲೂ ಅದು ಆಕಾಶದಿಂದ ಉದುರಿದ ಹಾಗೆ ಹಿಮದ ಬೆಟ್ಟದ ಮುಂದೆ ನಿಂತಿರುತ್ತದೆ. ಹಾಗಾಗಿ ನಾನು ಬರೆಯುತ್ತಿರುವುದು ಆ ಫೋಟೋಕ್ಕಿಂತ ಹಿಂದಿನ ಕಥೆ.

ಮೊದಲು ಬಾಡಿಗೆಯ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಬಾಡಿಗೆ ಅಂಗಡಿಗಳಲ್ಲಿ ಇರುವ ಸೈಕಲ್ಲುಗಳು ಬಹುಪಾಲು ಐದೂವರೆ ಅಡಿ ದಾಟಿದ ಗಂಡಸರ ಲೆಕ್ಕದವು. ಸೀಟನ್ನು ತಳಕ್ಕೆ ಇಳಿಸಿದರೂ ನನ್ನ ಕಾಲು ಪೆಡಲನ್ನು ಹುಡುಕಿಕೊಂಡು ಹೋಗಬೇಕು. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು ಅನ್ನೋದು ಸೈಕಲ್ ತುಳಿಯುವವರ ಮೊದಲ ಪಾಠ. ಸೀಟು ತಗ್ಗಿದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ ಎಳೆಯುತ್ತದೆ, ಸೊಂಟ ಅತ್ತಿತ್ತ ಓಲಾಡುತ್ತದೆ. ಹ್ಯಾಂಡಲ್ ದೂರವಾದರೆ ಕುತ್ತಿಗೆ ಹೋಯಿತು, ಅಂಗೈ ಜೋಮು ಹಿಡಿಯಿತು. ಊರೊಳಗೆ ತರಕಾರಿ ತರಲು ಹೋದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಆದರೆ ನಿಮಿಷಕ್ಕೆ 60 ಸಲದಂತೆ ದಿನಕ್ಕೆ ಆರು ಗಂಟೆ ತುಳಿದರೆ ಒಂದೊಂದು ಮಂಡಿಯೂ 21,600 ಸಲ ಮಡಚಿ ಬಿಚ್ಚಬೇಕು. ಅದೂ ಒಂದು ದಿನಕ್ಕೆ.

ನನಗೆ 46. ನಲವತ್ತು ದಾಟಿದ ಮೇಲೆ ಎಡಮಂಡಿ ಕೈಕೊಟ್ಟು ಒಂದು ವರ್ಷ ಮೆಟ್ಟಿಲು ಹತ್ತಲಿಕ್ಕೂ ಗೋಡೆ ಹಿಡಿಯುತ್ತಿದ್ದೆ. ಆಮೇಲೆ ಫಿಸಿಯೋಥೆರಪಿಯ ಡಾಕ್ಟರು ಒಂದು ಮಾತು ಹೇಳಿದರು: "ಸೈಕಲ್ ಬಿಡಬೇಡಿ. ಆದ್ರೆ ಬೇರೆಯವರ ಸೈಕಲ್ ಹತ್ತಬೇಡಿ." ಅಲ್ಲಿಂದ ನನ್ನ ಸೈಕಲ್ಲಿನ ಸೀಟನ್ನು ಮಿಲಿಮೀಟರ್ ಲೆಕ್ಕದಲ್ಲಿ ಏರಿಸಿ ಇಳಿಸಿ, ಹ್ಯಾಂಡಲನ್ನು ಹತ್ತಿರ ತರಿಸಿ, ನೋವಿಲ್ಲದ ಒಂದು ಜಾಗ ಕಂಡುಕೊಳ್ಳಲು ಏಳೆಂಟು ತಿಂಗಳು ಹಿಡಿಯಿತು. ಆ ಜಾಗವನ್ನು ಸೀಟಿನ ಕೊಳವೆಯ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದು ಗುರುತು ಮಾಡಿದ್ದೇನೆ. ಆ ಗೆರೆಯ ಸಲುವಾಗಿಯೇ ಇಷ್ಟೆಲ್ಲ ಪಾಡು. ಬಾಡಿಗೆ ಸೈಕಲ್ಲಿನಲ್ಲಿ ಎರಡನೇ ದಿನವೇ ಮಂಡಿ ಊದಿಕೊಂಡರೆ ಆ ದಾರಿಯಲ್ಲಿ ಇಳಿದು ಮನೆಗೆ ಹೋಗಲು ಆಟೋ ಸಿಗುವುದಿಲ್ಲ.

ಜೊತೆಗೆ ಹೊರಟಿದ್ದು ಅಕ್ಕನ ಮಗ. ಇಪ್ಪತ್ಮೂರು ವರ್ಷ, ಐದು ಅಡಿ ಹತ್ತು ಇಂಚು. "ಚಿಕ್ಕಿ, ನಾನು ಮನಾಲೀಲೇ ಬಾಡಿಗೆ ತಗೋತೀನಪ್ಪ. ನೀನು ಬೇಕಾದ್ರೆ ಹೊತ್ಕೊಂಡು ಬಾ" ಅಂದವನೇ ವಿಮಾನದ ಟಿಕೆಟ್ ಮಾಡಿಸಿಕೊಂಡ. ಹೊಸ ಕೆಲಸ, ರಜೆ ಕಮ್ಮಿ. ಹಾಗಾಗಿ ಮನಾಲಿ ತನಕ ನಾನು, ನನ್ನ ಸೈಕಲ್ಲು ಇಬ್ಬರೇ.

ದಾರಿಗಳು ಮೂರು ಇದ್ದವು. ಕೊರಿಯರ್‌ನಲ್ಲಿ ಕಳಿಸುವುದು ಒಂದು. ಅಲ್ಲಿ ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಅನೇಕರು 5000ದಿಂದ ಭಾಗಿಸುತ್ತಾರೆ. 140, 80, 20ರ ಡಬ್ಬಕ್ಕೆ ಲೆಕ್ಕ ಹಾಕಿ ನೋಡಿ, 44.8 ಬರುತ್ತದೆ. ಹದಿನಾಲ್ಕು ಕಿಲೋ ಸೈಕಲ್ಲಿಗೆ ನಲವತ್ತೈದು ಕಿಲೋ ದುಡ್ಡು. ಗಾಳಿಗೂ ಬಾಡಿಗೆ. ಎರಡನೆಯದು ವಿಮಾನ. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನು ಬಿಟ್ಟಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಕಟ್ಟಬೇಕು. ಸೈಕಲ್ಲಂತೂ ಬಿಚ್ಚಿ ಡಬ್ಬಕ್ಕೆ ಹಾಕದೆ ಒಳಗೆ ಬಿಡುವುದೇ ಇಲ್ಲ. ವಿಮಾನ ಕಂಡುಹಿಡಿದ ರೈಟ್ ಸೋದರರು ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು, ಆ ಅಂಗಡಿಯ ಸಂಪಾದನೆಯಲ್ಲೇ 1903ರಲ್ಲಿ ಹಾರಿದವರು. ಅವರ ಮೊಮ್ಮಕ್ಕಳಂಥ ವಿಮಾನಗಳು ಸೈಕಲ್ಲನ್ನು ಕಂಡರೆ ದಾಯಾದಿಯನ್ನು ಕಂಡ ಹಾಗೆ ಆಡುತ್ತವೆ.

ಮೂರನೆಯದು ರೈಲು. ನನ್ನ ಓಟು ರೈಲಿಗೆ. ಒಂದೇ ಕಾರಣ: ಮನೆಯಿಂದ ಸ್ಟೇಷನ್ನಿಗೆ ಸೈಕಲ್ ತುಳಿದುಕೊಂಡೇ ಹೋಗಬಹುದು. ಡಬ್ಬ ಬೇಡ, ಟೆಂಪೋ ಬೇಡ.

ಲಗೇಜು, ಪಾರ್ಸಲ್ಲು ಎರಡೂ ಒಂದೇ ಅಂದುಕೊಳ್ಳಬೇಡಿ. ಪಾರ್ಸಲ್ ಅಂತ ಬುಕ್ ಮಾಡಿದರೆ ಸೈಕಲ್ಲು ತನ್ನ ಪಾಡಿಗೆ ಯಾವತ್ತೋ, ಯಾವ ರೈಲಿನಲ್ಲೋ ಹೋಗಬಹುದು. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿದರೆ ನೀವು ಹೋಗುವ ರೈಲಿನಲ್ಲೇ, ಗಾರ್ಡಿನ ಡಬ್ಬಿಗೆ ಅಂಟಿಕೊಂಡ ಸಾಮಾನಿನ ಬೋಗಿಯಲ್ಲಿ ಬರುತ್ತದೆ. ಎರಡಕ್ಕೂ ಕಚೇರಿ ಒಂದೇ ಇರಬಹುದು, ಫಾರಮ್ಮುಗಳೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ಕಿಟಕಿಯಲ್ಲಿ ಬಾಯಿಬಿಟ್ಟು "ಲಗೇಜು, ಇದೇ ಟ್ರೈನು" ಅಂತ ಎರಡು ಸಲ ಹೇಳಬೇಕು. ಇನ್ನೊಂದು, ರೈಲು ಒಂದೆರಡು ನಿಮಿಷ ನಿಂತು ಹೊರಡುವ ಸಣ್ಣ ಸ್ಟೇಷನ್ನುಗಳಿಗೆ ಇದು ಆಗುವ ಕೆಲಸವಲ್ಲ, ಇಳಿಸಲು ಪುರುಸೊತ್ತೇ ಇರುವುದಿಲ್ಲ. ಕೊನೆಯ ಸ್ಟೇಷನ್ ತನಕ ಹೋಗುವವರು ನಿಶ್ಚಿಂತೆಯಿಂದ ಇರಬಹುದು.

ಸಂಜೆ 7ರ ಮೇಲಿನ ರೈಲಿಗೆ ನಾನು ಮಧ್ಯಾಹ್ನ ಮೂರಕ್ಕೇ ಮೆಜೆಸ್ಟಿಕ್ ಸ್ಟೇಷನ್ ತಲುಪಿದ್ದೆ. ಕರ್ನಾಟಕ ಎಕ್ಸ್‌ಪ್ರೆಸ್. ಸುಮಾರು 2400 ಕಿಲೋಮೀಟರ್, ಎರಡು ರಾತ್ರಿ. ಆಧಾರ್ ಜೆರಾಕ್ಸ್, ಟಿಕೆಟ್ ಜೆರಾಕ್ಸ್, ಸೈಕಲ್ಲಿನ ಬಿಲ್ಲು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಕಚೇರಿಯ ಹೊರಗೆ ಪ್ಯಾಕಿಂಗ್ ಮಾಡುವವರು ಗೋಣಿ ಹಾಸಿಕೊಂಡು ಕೂತಿರುತ್ತಾರೆ. ಅರವತ್ತು ದಾಟಿದ ಒಬ್ಬರು ನನ್ನ ಸೈಕಲ್ಲನ್ನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಬುಲೆಟ್ ಗಾಡಿನೇ ಪ್ಯಾಕ್ ಮಾಡಿ ಕಳಿಸ್ತೀವಿ ಮೇಡಂ, ಇದ್ಯಾವ ಲೆಕ್ಕ" ಅಂದರು.

"ಗೇರಿನ ಕಡೆ ಸ್ವಲ್ಪ ಜೋಪಾನ" ಅಂದೆ.

ಅವರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಮೂಲೆಯಿಂದ ಒಂದು ಹಳೇ ಹವಾಯಿ ಚಪ್ಪಲಿ ತಂದು, ಹಿಂದಿನ ಗೇರಿನ ಮೇಲೆ ಅಂಗಾತ ಇಟ್ಟು, ಸುತಳಿಯಲ್ಲಿ ಬಿಗಿದರು. ಅದರ ಮೇಲೆ ರಟ್ಟು, ಅದರ ಮೇಲೆ ಗೋಣಿ. ದಬ್ಬಳದಲ್ಲಿ ಗೋಣಿಯನ್ನು ಫ್ರೇಮಿಗೆ ಹೊಲಿದದ್ದು ಹೇಗಿತ್ತು ಅಂದರೆ ಟೈಲರ್ ಅಂಗಡಿಯಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ. ಮುನ್ನೂರು ರೂಪಾಯಿ. ಚಪ್ಪಲಿ ಬಿಟ್ಟಿ. ಸೈಕಲ್ಲಿನ ಬಗ್ಗೆ ಅಂತರ್ಜಾಲದಲ್ಲಿ ನಾನು ನೋಡಿದ ವಿಡಿಯೋಗಳಲ್ಲಿ ಫೋಮು, ಬಬಲ್ ರ‍್ಯಾಪು, ಏನೇನೋ ಇದ್ದವು. ಹವಾಯಿ ಚಪ್ಪಲಿಯಷ್ಟು ಬುದ್ಧಿವಂತ ವಸ್ತು ಒಂದರಲ್ಲೂ ಇರಲಿಲ್ಲ.

ತೂಕ, ರಸೀದಿ, ಮಾರ್ಕರ್ ಪೆನ್ನಿನಲ್ಲಿ ಗೋಣಿಯ ಮೇಲೆ ನಂಬರು, ಇಲ್ಲಿಂದ ಅಲ್ಲಿಗೆ ಅಂತ ಸ್ಟೇಷನ್ನಿನ ಗುರುತು. ಆಮೇಲೆ ಅದು ನನ್ನದಲ್ಲ. ನಾಲ್ಕು ಗಾಲಿಯ ತಳ್ಳುಗಾಡಿಯ ಮೇಲೆ ಮೂರು ಮೋಟರ್‌ಬೈಕುಗಳ, ಒಂದಷ್ಟು ಮೂಟೆಗಳ ನಡುವೆ ಅದು ಪ್ಲಾಟ್‌ಫಾರಮ್ಮಿನ ತುದಿಗೆ ಹೋಗುವುದನ್ನು ನೋಡುತ್ತಾ ನಿಂತೆ. ದಿನಾ ನನ್ನನ್ನು ಹೊರುವುದನ್ನು ಹೀಗೆ ಇನ್ನೊಬ್ಬರ ಕೈಗೆ ಕೊಟ್ಟು, ಒಂದು ಚೀಟಿ ಇಸ್ಕೊಂಡು, ಬರಿಗೈಲಿ ನಿಲ್ಲುವುದಿದೆಯಲ್ಲ, ಅದು ಅಷ್ಟು ಸುಲಭವಲ್ಲ. ಹತ್ತಿಸುವುದನ್ನು ಕಣ್ಣಾರೆ ನೋಡಿದ ಮೇಲೇ ನನ್ನ ಬೋಗಿಗೆ ಹೋದೆ.

ರೈಲಿನಲ್ಲಿ ಎರಡು ದಿನ ನನ್ನದು ಒಂದೇ ಕೆಲಸ. ದೊಡ್ಡ ಸ್ಟೇಷನ್ ಬಂದರೆ ಇಳಿದು, ಸಾಮಾನಿನ ಬೋಗಿಯ ಬಾಗಿಲು ತೆಗೆದರಾ ಅಂತ ನೋಡುವುದು. ಬೆಳಗ್ಗೆ ಸೊಲ್ಲಾಪುರ, ರಾತ್ರಿ ಭೋಪಾಲ. ಯಾರದೋ ಮೂಟೆ ಇಳಿಸುವಾಗ ಅದರ ಜೊತೆ ನನ್ನದನ್ನೂ ಇಳಿಸಿಬಿಟ್ಟರೆ? ಎದುರಿನ ಸೀಟಿನಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರು ಮಗಳ ಮನೆಗೆ ದೆಹಲಿಗೆ ಹೊರಟಿದ್ದರು. ನಾಲ್ಕನೇ ಸಲ ನಾನು ಚಪ್ಪಲಿ ಹುಡುಕುವಾಗ ಅವರಿಗೆ ತಡೆಯಲಾಗಲಿಲ್ಲ. "ಎಲ್ಲಿ ಹೋಗ್ತದವಾ ನಿನ್ನ ಸೈಕಲ್ಲು, ಅದಕ್ಕೇನು ಕಾಲ ಅದಾವೇನು? ಕೂಡು ಸುಮ್ನ, ಚುರುಮರಿ ತಿನ್ನು" ಅಂದರು. ತಿಂದೆ. ಆದರೂ ಭೋಪಾಲದಲ್ಲಿ ಇಳಿದೆ.

ದೆಹಲಿಯಲ್ಲಿ ಬಾಗಿಲು ತೆರೆದಾಗ ಮೊದಲು ಕಂಡಿದ್ದು ಹೂವಿನ ಡಬ್ಬಗಳು, ಅವುಗಳ ಹಿಂದೆ ಗೋಣಿಯಿಂದ ಹೊರಬಂದಿದ್ದ ನನ್ನ ಹ್ಯಾಂಡಲ್ಲಿನ ಕೊಂಬು. ರಸೀದಿ ತೋರಿಸಿ, ಸಹಿ ಹಾಕಿ, ಬಿಡಿಸಿಕೊಂಡು ಹೊರಬರಲು ಎರಡು ಗಂಟೆ. ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಕೂತು ಗೋಣಿ ಕತ್ತರಿಸಿದೆ. ಚಪ್ಪಲಿ ಇದ್ದಲ್ಲೇ ಇತ್ತು. ಚಕ್ರ ತಿರುಗಿತು, ಗೇರು ಬಿತ್ತು. ಟಯರಿಗೆ ಗಾಳಿ ಹೊಡೆದು ಅಲ್ಲಿಂದ ಬಸ್ಸು ಹಿಡಿಯುವ ಜಾಗಕ್ಕೆ ದೆಹಲಿಯ ಸೈಕಲ್ ರಿಕ್ಷಾಗಳ ಸಾಲಿನಲ್ಲಿ ನಾನೂ ಒಬ್ಬಳಾಗಿ ತುಳಿದುಕೊಂಡು ಹೋದೆ. ಇಡೀ ಪ್ರಯಾಣದಲ್ಲಿ ಗರ್ವ ಅಂತ ಏನಾದರೂ ಅನ್ನಿಸಿದ್ದರೆ ಆ ಅರ್ಧ ಗಂಟೆಯೇ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಬಸ್ಸಿಗೆ, ಯಾರ ಹಂಗೂ ಇಲ್ಲ.

ಹಂಗು ಶುರುವಾಗಿದ್ದು ಬಸ್ಸಿನಲ್ಲಿ.

ನಾನು ಬೆಳೆದ ಕಾಲದ ಮಲೆನಾಡಿನಲ್ಲಿ ಬಸ್ಸಿಗೆ ಟಾಪು ಇರುತ್ತಿತ್ತು. ಹಿಂದುಗಡೆ ಕಬ್ಬಿಣದ ಏಣಿ. ಅಡಿಕೆ ಮೂಟೆ, ಹಲಸಿನ ಹಣ್ಣು, ಕೋಳಿ ಬುಟ್ಟಿ, ಬಾಳೆಗೊನೆ, ಎಲ್ಲದರ ಜೊತೆ ಯಾರದ್ದಾದರೂ ಒಂದು ಸೈಕಲ್ಲು. ಆಗುಂಬೆ ಘಾಟಿಯಲ್ಲಿ ಸೈಕಲ್ ತುಳಿಯುವುದು ಕಷ್ಟ ಅಂತ ಅಪ್ಪ ತಮ್ಮ ಸೈಕಲ್ಲನ್ನು ಟಾಪಿಗೆ ಹಾಕಿಸಿ, ಅರ್ಧ ಟಿಕೆಟ್ಟಿನಷ್ಟು ಲಗೇಜು ಕೊಟ್ಟು, ಮೇಲೆ ಹತ್ತಿ ತಾವೇ ಹಗ್ಗ ಕಟ್ಟಿ ಬರುತ್ತಿದ್ದರು. ಕ್ಲೀನರ್ ಕಟ್ಟಿದ್ದರ ಮೇಲೆ ನಂಬಿಕೆ ಇರಲಿಲ್ಲ. ಈಗಿನ ಐಷಾರಾಮಿ ಬಸ್ಸುಗಳಿಗೆ ನುಣ್ಣನೆ ತಲೆ, ಏಣಿಯೂ ಇಲ್ಲ, ಟಾಪೂ ಇಲ್ಲ. ಹೊಟ್ಟೆಯ ಕೆಳಗೆ ಡಿಕ್ಕಿ ಮಾತ್ರ. ಡಿಕ್ಕಿಯಲ್ಲಿ ಸೈಕಲ್ಲು ನಿಲ್ಲುವುದಿಲ್ಲ, ಮಲಗಬೇಕು.

ಟಿಕೆಟ್ ಮಾಡುವಾಗ ಏಜೆಂಟು ಫೋನಿನಲ್ಲಿ "ಸೈಕಲ್ ತನ್ನಿ, ತೊಂದರೆ ಇಲ್ಲ" ಅಂದಿದ್ದ. ಸಂಜೆ ಬಸ್ಸಿನ ಪಕ್ಕ ನಿಂತಾಗ ಅವನೇ 1500 ರೂಪಾಯಿ ಕೇಳಿದ. ನನ್ನ ಹಿಂದಿಯಲ್ಲಿ ಜಗಳ ಆಡುವಷ್ಟು ಬಲ ಇಲ್ಲ. ಆದರೆ ಚಕ್ರಗಳನ್ನು ಬಿಚ್ಚಿ, ಪೆಡಲ್ ತೆಗೆದು, ಹ್ಯಾಂಡಲ್ ತಿರುಗಿಸಿ, ಎರಡು ಸೂಟ್‌ಕೇಸಿನಷ್ಟೇ ಜಾಗ ಅಂತ ಕೈಯಲ್ಲೇ ಅಳೆದು ತೋರಿಸಿದೆ. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ, ಪ್ರಪಂಚದ ಎಲ್ಲ ನಟ್ಟುಗಳನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ತುಳಿಯುತ್ತಾ ತುಳಿಯುತ್ತಾ ತಾನಾಗಿ ಕಳಚಿಕೊಳ್ಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ಸಲೀಸಾಗಿ ಬಿಚ್ಚಿದ್ದನ್ನು ನೋಡಿ ಬಸ್ಸಿನ ಕ್ಲೀನರ್ ಹುಡುಗನಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂತು ಅನ್ನಿಸುತ್ತದೆ. 800ಕ್ಕೆ ಮುಗಿಯಿತು. ಎಲ್ಲ ಬ್ಯಾಗುಗಳ ಮೇಲೆ, ಗೇರು ಮೇಲ್ಮುಖವಾಗಿ ಬರುವಂತೆ ನಾನೇ ಒಳಗೆ ನುಗ್ಗಿ ಮಲಗಿಸಿದೆ. ಅಪ್ಪನ ಮಗಳು.

ನಡುರಾತ್ರಿ ಢಾಬಾದಲ್ಲಿ ನಿಲ್ಲಿಸಿದ್ದಾಗ ಇನ್ನಷ್ಟು ಜನ ಹತ್ತಿದರು. ಡಿಕ್ಕಿ ತೆಗೆದು ಹಾಕಿದ ಸದ್ದು ಕೇಳಿತು. ನಾನು ಇಳಿದು ಓಡುವಷ್ಟರಲ್ಲಿ ಬಾಗಿಲು ಧಡ್ ಅಂತ ಮುಚ್ಚಿ ಆಗಿತ್ತು. ತೆಗೆಯಿರಿ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗ್ಗೆ ಮನಾಲಿಯಲ್ಲಿ ನೋಡುತ್ತೇನೆ, ಸೈಕಲ್ಲಿನ ಮೇಲೆ ಎರಡು ದೊಡ್ಡ ಟ್ರಂಕುಗಳು. ಹಿಂದಿನ ಗೇರು ಒಳಕ್ಕೆ ವಾಲಿತ್ತು. ಚಕ್ರ ಜೋಡಿಸಿ ತಿರುಗಿಸಿದರೆ ಗೇರು ಕಡ್ಡಿಗಳಿಗೆ ಟಕಟಕ ತಾಗುತ್ತಿತ್ತು. ಬಗ್ಗಿದ್ದು ಹ್ಯಾಂಗರ್. ಗೇರನ್ನು ಫ್ರೇಮಿಗೆ ಹಿಡಿದಿಡುವ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ತುಂಡು ಅದು. ಏಟು ಬಿದ್ದರೆ ತಾನು ಬಗ್ಗಿ, ಫ್ರೇಮನ್ನು ಉಳಿಸಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಮನೆಗೊಬ್ಬರು ಹೀಗೆ ಇರುತ್ತಾರಲ್ಲ. ತೊಂದರೆ ಏನೆಂದರೆ ಒಂದು ಸೈಕಲ್ಲಿನ ಹ್ಯಾಂಗರ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಮಾಡೆಲ್ಲಿಗೊಂದು ಆಕಾರ. ಬಗ್ಗಿದ್ದನ್ನು ನೆಟ್ಟಗೆ ಮಾಡಹೋದರೆ ಮುರಿಯಲೂಬಹುದು. ಅದಿಲ್ಲದಿದ್ದರೆ ಗೇರಿಲ್ಲ, ಗೇರಿಲ್ಲದೆ ನನ್ನ ಮಂಡಿ ಇಟ್ಟುಕೊಂಡು ರೊಹ್ತಾಂಗ್ ಹತ್ತುವ ಮಾತೇ ಇಲ್ಲ. ಮೂರು ದಿನದಿಂದ ಕಾಪಾಡಿಕೊಂಡು ಬಂದದ್ದು ಆ ಹೆಬ್ಬೆರಳ ಗಾತ್ರದ ತುಂಡಿಗೆ ಬಂದು ನಿಂತಿತ್ತು.

1963ರಲ್ಲಿ ಐರ್ಲೆಂಡಿನಿಂದ ಭಾರತಕ್ಕೆ ಸೈಕಲ್ಲಿನಲ್ಲಿ ಬಂದ ಡರ್ವ್ಲಾ ಮರ್ಫಿ ಹೊರಡುವ ಮೊದಲೇ ತನ್ನ ಸೈಕಲ್ಲಿನ ಗೇರನ್ನು ತೆಗೆಸಿಬಿಟ್ಟಿದ್ದಳು, ನಮ್ಮ ಕಡೆಯ ರಸ್ತೆಗಳಿಗೆ ಆ ನಾಜೂಕು ತಡೆಯುವುದಿಲ್ಲ ಅಂತ. ಆಕೆಯ ತೊಡೆಯ ಬಲ ನನಗಿಲ್ಲ. ಆದರೆ ನನ್ನ ಹತ್ತಿರ ಇನ್ನೊಂದು ಹ್ಯಾಂಗರ್ ಇತ್ತು. ಬೆಂಗಳೂರಿನ ಸೈಕಲ್ ಅಂಗಡಿಯವರು ಸರ್ವಿಸ್ ಮಾಡಿಕೊಡುವಾಗ, "ಊಟದ ಡಬ್ಬಿ ಮರೆತ್ರೂ ಪರವಾಗಿಲ್ಲ ಮೇಡಂ, ಇದನ್ನ ಪರ್ಸಲ್ಲೇ ಇಟ್ಕೊಳ್ಳಿ" ಅಂತ ಬಲವಂತವಾಗಿ ಕೊಟ್ಟಿದ್ದರು. ಪರ್ಸಿನಲ್ಲೇ ಇತ್ತು, ಮೂಕಾಂಬಿಕೆಯ ಕುಂಕುಮದ ಪೊಟ್ಟಣದ ಜೊತೆ.

ಉಳಿದುಕೊಂಡ ಮನೆಯ ಜಗಲಿಯಲ್ಲಿ ಕೂತು ಅದನ್ನು ಬದಲಾಯಿಸಿದೆ. ಎಲ್ ಆಕಾರದ ಕೀ ಸೆಟ್ಟು ಇದ್ದರೆ ಅರ್ಧ ಗಂಟೆಯ ಕೆಲಸ, ನನಗೆ ಎರಡು ಗಂಟೆ ಹಿಡಿಯಿತು. ಗೇರಿನ ತಂತಿಯನ್ನು ಹದಕ್ಕೆ ತರುವಾಗ ಮನೆಯವರ ಸಣ್ಣ ಹುಡುಗಿ ಪೆಡಲ್ ತಿರುಗಿಸಿಕೊಟ್ಟಳು. ಒಂದೊಂದಾಗಿ ಒಂಬತ್ತೂ ಗೇರು ಬಿದ್ದವು. ಆಮೇಲೆ ಸೀಟನ್ನು ಮೇಲಕ್ಕೆಳೆದು, ಕೆಂಪು ಗೆರೆ ಕಾಣುವಲ್ಲಿಗೆ ನಿಲ್ಲಿಸಿ ಬಿಗಿ ಮಾಡಿದೆ. ವಸಿಷ್ಠದ ಏರಿನಲ್ಲಿ ಒಂದು ಸುತ್ತು ಹೋಗಿ ಬಂದೆ. ಮಂಡಿ ಸುಮ್ಮನಿತ್ತು.

ಅಕ್ಕನ ಮಗ ಮಧ್ಯಾಹ್ನ ಬಂದ, ಒಂದು ಅಂಗಡಿಗೆ ಹೋದ, ಹದಿನೈದು ನಿಮಿಷದಲ್ಲಿ ಸೈಕಲ್ ಹಿಡಿದುಕೊಂಡು ಬಂದ. ನನ್ನದಕ್ಕಿಂತ ಹೊಸದು, ಒಳ್ಳೇ ಬ್ರೇಕು. ದಾರಿಯುದ್ದಕ್ಕೂ ಅವನಿಗೆ ಪಂಕ್ಚರ್ ಕೂಡ ಆಗಲಿಲ್ಲ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಬಾಡಿಗೆಯವರಿಗೆ ಅನ್ಯಾಯ. ಮಧ್ಯಮ ಎತ್ತರದ, ಕೀಲು ಗಟ್ಟಿಯಿರುವ ಯಾರೇ ಕೇಳಿದರೂ ನಾನು ಬಾಡಿಗೆಗೇ ತಗೊಳ್ಳಿ ಅಂತೀನಿ. ಒಂದೇ ಎಚ್ಚರಿಕೆ: ಮನಾಲಿಯಲ್ಲಿ ತಗೊಂಡಿದ್ದನ್ನು ಮನಾಲಿಗೇ ಮುಟ್ಟಿಸಬೇಕು. ಲೇಹ್‌ನಿಂದ ಅದು ಶೇರ್ ಟ್ಯಾಕ್ಸಿಯ ತಲೆ ಮೇಲೆ ವಾಪಸು ಹೋಯಿತು, ಅದರ ಬಾಡಿಗೆಯೂ ಇವನ ತಲೆ ಮೇಲೆ.

ತುಳಿದದ್ದು ಒಂಬತ್ತು ದಿನ. ಸರ್ಚುವಿನಲ್ಲಿ ಇವನಿಗೆ ಎತ್ತರದ ತಲೆನೋವು ಬಂದು ಒಂದು ದಿನ ಜಾಸ್ತಿ ಉಳಿದೆವು. ಗಾಟಾ ಲೂಪ್ಸ್‌ನ 21 ತಿರುವುಗಳನ್ನು ನಾನು ಇಳಿಯದೇ ಹತ್ತಿದೆ. ಉಳಿದದ್ದಕ್ಕೆ ಫೋಟೋಗಳಿವೆ.

ವಾಪಸು ಬರುವುದಕ್ಕೆ ಅಷ್ಟು ರಜೆ ಉಳಿದಿರಲಿಲ್ಲ, ಹಾಗಾಗಿ ವಿಮಾನವೇ ಗತಿ. ಅಂದರೆ ಡಬ್ಬ. ಬೆಂಗಳೂರಿನಲ್ಲಾದರೆ ಸೈಕಲ್ ಅಂಗಡಿಗೆ ಹೋದರೆ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಸಿಗುತ್ತದೆ, ಗುಜರಿಯವನು ಬರುವ ಮೊದಲು ಹೋಗಬೇಕು ಅಷ್ಟೆ. ಲೇಹ್‌ನಲ್ಲಿ ಎರಡು ಕಡೆ ಕೇಳಿದೆ, ಇರಲಿಲ್ಲ. ಮೂರನೆಯ ಕಡೆ ಒಬ್ಬರು, ಪೇಟೆಯಲ್ಲಿ ಟಿವಿ ಅಂಗಡಿ ಇದೆ ನೋಡಿ ಅಂದರು. 55 ಇಂಚಿನ ಟಿವಿಯ ಡಬ್ಬ. ಸೈಕಲ್ಲಿಗೆ ಹೇಳಿ ಮಾಡಿಸಿದ ಅಳತೆ! ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಕಟ್ಟಿ, ಹಿಂದಿನ ಗೇರನ್ನೇ ಕಳಚಿ ಬಟ್ಟೆಯಲ್ಲಿ ಸುತ್ತಿ ಚೈನಿನ ಸಮೇತ ಫ್ರೇಮಿನ ಒಳಗೆ ಕಟ್ಟಿದೆ. ಬಗ್ಗಲು ಹೊರಗೆ ಏನೂ ಉಳಿಯಬಾರದು. ಡಿಸ್ಕ್ ಬ್ರೇಕಿನ ಸಂದಿಗೆ ರಟ್ಟಿನ ಚೂರು ಸಿಕ್ಕಿಸಿದೆ. ಚಕ್ರ ಇಲ್ಲದಾಗ ಯಾರಾದರೂ ಬ್ರೇಕು ಅದುಮಿದರೆ ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಟಯರಿನ ಗಾಳಿ ಪೂರ್ತಿ ತೆಗೆಯದಿದ್ದರೆ ಆಕಾಶದಲ್ಲಿ ಸಿಡಿಯುತ್ತದೆ ಅಂತ ಹೇಳುವವರಿದ್ದಾರೆ. ಸಾಮಾನು ಇಡುವ ಜಾಗದಲ್ಲೂ ಕ್ಯಾಬಿನ್ನಿನಂತೆಯೇ ಗಾಳಿಯ ಒತ್ತಡ ಇರುತ್ತದೆ, ಸಿಡಿಯುವ ಪ್ರಶ್ನೆ ಇಲ್ಲ. ಆದರೆ ಕೌಂಟರಿನಲ್ಲಿ ವಾದ ಬೇಡ ಅಂತ ಮುಕ್ಕಾಲು ತೆಗೆದೆ. ಪೂರ್ತಿ ತೆಗೆದರೆ ಡಬ್ಬ ಎತ್ತಿ ಕುಕ್ಕಿದಾಗ ಏಟು ರಿಮ್ಮಿಗೆ ಬೀಳುತ್ತದೆ. ಪವರ್ ಬ್ಯಾಂಕನ್ನು ಕೈಚೀಲಕ್ಕೆ ಹಾಕಿಕೊಂಡೆ, ಅದನ್ನು ಡಬ್ಬದಲ್ಲಿ ಕಳಿಸುವಂತಿಲ್ಲ.

ಲೇಹ್‌ನಲ್ಲಿ ವಿಮಾನಗಳೆಲ್ಲ ಹೆಚ್ಚಾಗಿ ಬೆಳಗ್ಗೆಯೇ, ಮಧ್ಯಾಹ್ನದ ಗಾಳಿ ಏಳುವ ಮೊದಲು. ಕೌಂಟರಿನ ಹುಡುಗಿ ಡಬ್ಬ ನೋಡಿ, "ಲೇಹ್‌ನಿಂದ ಟಿವಿ ಒಯ್ತಿದ್ದೀರಾ?" ಅಂತ ಹಿಂದಿಯಲ್ಲಿ ಕೇಳಿದಳು. ಸೈಕಲ್ಲು ಅಂದೆ. ತೂಕದ ಯಂತ್ರದಲ್ಲಿ 17 ಬಂತು. ಹೆಚ್ಚುವರಿ ದುಡ್ಡು ಕಟ್ಟಿದೆ.

ಆ ಡಬ್ಬ ಈಗ ನಮ್ಮ ಮನೆಯ ಸಜ್ಜಾದ ಮೇಲಿದೆ, ಯಾರು ಬಂದರೂ ಎಷ್ಟು ದೊಡ್ಡ ಟಿವಿ ತಗೊಂಡಿರಿ ಅಂತ ಕೇಳುತ್ತಾರೆ. ಮುಂದಿನ ಚಳಿಗಾಲಕ್ಕೆ ಅಸ್ಸಾಮಿನ ಮಾಜುಲಿ ದ್ವೀಪ ಅಂತ ಲೆಕ್ಕ ಹಾಕುತ್ತಿದ್ದೇನೆ. ಗುವಾಹಟಿ ತನಕ ರೈಲು, ಗೋಣಿ, ಸಾಧ್ಯವಾದರೆ ಅದೇ ಹಿರಿಯರ ಕೈಯ ಹವಾಯಿ ಚಪ್ಪಲಿ. ಅಲ್ಲಿಂದ ಜೋರ್ಹಾಟ್‌ಗೆ ಹೇಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಡಿಕ್ಕಿಯ ಬಸ್ಸಂತೂ ಬೇಡ. ಜೋರ್ಹಾಟ್ ಸಮೀಪದ ನಿಮಾತಿ ಘಾಟಿನಿಂದ ಬ್ರಹ್ಮಪುತ್ರ ದಾಟಿಸುವ ಫೆರಿಗಳಲ್ಲಿ ಸೈಕಲ್ಲನ್ನು ಬಿಚ್ಚುವುದೂ ಬೇಡ, ಮಲಗಿಸುವುದೂ ಬೇಡ. ಜನರ ಜೊತೆ ಹಾಗೇ ತಳ್ಳಿಕೊಂಡು ಹತ್ತಿಸುತ್ತಾರೆ.